ತಕ್ಕಡಿಗೆ ಸಿಗದ ಕೊಬ್ಬು

ನಮ್ಮ ರೋಣದ ಕಡೆ ‘ಮೈ ಹಿಡಿಯೋದು’ ಅಂತ ಒಂದು ಮಾತಿದೆ. ಮದುವೆಯಾಗಿ ಹೋದ ಹುಡುಗಿ ಪಂಚಮಿಗೆ ತವರಿಗೆ ಬಂದರೆ ಓಣಿಯ ಹೆಂಗಸರು ಮೊದಲು ನೋಡುವುದು ಅದನ್ನೇ. “ಮೈ ಹಿಡದಾಳ ನೋಡವಾ” ಅಂದರೆ ಗಂಡನ ಮನೆಯಲ್ಲಿ ಉಣ್ಣಲು ಉಡಲು ಕಮ್ಮಿಯಿಲ್ಲ ಎಂದರ್ಥ. “ಯಾಕೋ ಸೊರಗ್ಯಾಳ” ಅಂದರೆ ಆ ರಾತ್ರಿ ಅವಳ ತಾಯಿಗೆ ನಿದ್ದೆಯಿಲ್ಲ. ಬಸುರಿಯಾದರಂತೂ ಅವಳು ಎರಡು ಜೀವದಾಕಿ, ಎರಡು ಜೀವಕ್ಕಾಗುವಷ್ಟು ಉಣ್ಣಬೇಕು. ಕುಬಸಕ್ಕೆ ಬರುವ ಬೀಗರ ಬುತ್ತಿಯಲ್ಲಿ ಹೋಳಿಗೆ, ಕರ್ಚಿಕಾಯಿ, ಮಾದಲಿ, ಶೇಂಗಾ ಉಂಡಿ ಎಲ್ಲ ಇರುತ್ತವೆ. ಹಡೆದ ಮೇಲೆ ಅಂಟಿನ ಉಂಡಿ ಬೇರೆ.

ಈ ಮಾತಿನ ಹಿಂದೆ ದೊಡ್ಡ ಚರಿತ್ರೆಯಿದೆ. ರೋಣ, ನರಗುಂದ, ಗಜೇಂದ್ರಗಡಗಳು ಕರಿ ಎರೆಮಣ್ಣಿನ, ಕಡಿಮೆ ಮಳೆಯ ಊರುಗಳು. 1997ರಲ್ಲಿ ಗದಗ ಜಿಲ್ಲೆಯಾಗುವ ತನಕ ಇವು ಧಾರವಾಡ ಜಿಲ್ಲೆಯಲ್ಲಿದ್ದವು. ನನ್ನ ಪಿಎಚ್.ಡಿ. ಕೆಲಸ ಆ ಹಳೆಯ ಧಾರವಾಡ ಜಿಲ್ಲೆಯ ಬರಗಳ ಬಗ್ಗೆ. ಹಾಗಾಗಿ ಈ ಊರುಗಳ ಹೆಸರನ್ನು ನಾನು ಹೆಚ್ಚಾಗಿ ಓದಿರುವುದು ಹಸಿವಿನ ಕಡತಗಳಲ್ಲಿ. 1790ರ ದಶಕದ ಡೋಗಿ ಬರದ ನೆನಪು ಹೆಸರಿನಲ್ಲೇ ಉಳಿದಿದೆ. ಹೂಳುವವರಿಲ್ಲದೆ ಬಯಲಲ್ಲಿ ಬಿದ್ದ ತಲೆಬುರುಡೆಗಳ ಬರ ಅದು. 1876ರಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. ಮರುವರ್ಷದ ಆರಂಭದಲ್ಲಿ ಸರ್ಕಾರದ ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವವರಿಗೆ ರಿಚರ್ಡ್ ಟೆಂಪಲ್ ನಿಗದಿ ಮಾಡಿಸಿದ ಕೂಲಿ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಮತ್ತು ಅದರ ಮೇಲೆ ಪುಡಿಗಾಸು. 1872ರ ಜನಗಣತಿಗೂ 1881ರದಕ್ಕೂ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಏರುವ ಬದಲು ಇಳಿಯಿತು. ಇಂಥ ಸೀಮೆಯಲ್ಲಿ ಮೈಮೇಲೆ ನಾಲ್ಕು ಮುಷ್ಟಿ ಕೊಬ್ಬು ಕಂಡರೆ ಅದು ಭಾಗ್ಯವಲ್ಲದೆ ಮತ್ತೇನು? ಮನೆಯ ಹಗೇವಿನಲ್ಲಿ ಜೋಳ ಇದ್ದ ಹಾಗೆಯೇ ಅದೂ.

ಹಾಗಿದ್ದೂ ಇದೇ ಕೊಬ್ಬಿನ ಬಗ್ಗೆ ನಾನು ಓದತೊಡಗಿದ್ದು ಗಜೇಂದ್ರಗಡದಲ್ಲಿರುವ ನನ್ನ ಚಿಗವ್ವನ ಮಗಳಿಂದಾಗಿ. ನೇಕಾರರ ಮನೆಗೆ ಕೊಟ್ಟಿದ್ದಾರೆ. ಗಂಡ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತರೆ ಇವಳು ಪಕ್ಕದಲ್ಲಿ ಕಂಡಿಕೆ ಸುತ್ತುತ್ತಾಳೆ. ಎತ್ತರ ಐದಡಿಗೂ ಚೂರು ಕಡಿಮೆ, ಬಸುರಿಯೆಂದು ಮೊದಲ ಸಲ ಹೆಸರು ಬರೆಸಿದಾಗ ತೂಕ 47 ಕೆಜಿ. ಆರು ತಿಂಗಳು ತುಂಬುವ ಹೊತ್ತಿಗೆ ಗ್ಲೂಕೋಸ್ ನೀರು ಕುಡಿಸಿ, ಎರಡು ತಾಸಿನ ಮೇಲೆ ರಕ್ತ ತೆಗೆದು ನೋಡಿದರೆ ಸಕ್ಕರೆ 158. ಅವಳ ಅತ್ತೆ ನಂಬಲಿಲ್ಲ. “ಗಾಳಿ ಬಿಟ್ರ ಹಾರಿ ಹೋಗೂಹಂಗ ಅದಾಳ, ಇಕಿಗೆಲ್ಲಿ ಸಕ್ರಿ ಬ್ಯಾನಿ? ನಿಮ್ಮ ಮಷೀನಾ ಕೆಟ್ಟಿರಬೇಕು ನೋಡವಾ” ಎಂದು ಆಶಾ ಕಾರ್ಯಕರ್ತೆಯ ಜೊತೆ ವಾದಕ್ಕೆ ನಿಂತರಂತೆ. ಆಶಾ ಅಕ್ಕ ಶಾಂತವಾಗಿ, “ಮಷೀನ್ ಬರೋಬರಿ ಐತ್ರಿ ಅತ್ತಿ. ಸಕ್ರಿಗೆ ದಪ್ಪ ಸಣ್ಣ ಅಂತೇನಿಲ್ರಿ” ಎಂದಿದ್ದರು.

ಅತ್ತೆಯ ಪ್ರಶ್ನೆ ಅಜ್ಞಾನದ್ದಲ್ಲ. ವೈದ್ಯಶಾಸ್ತ್ರವೂ ಇದೇ ಪ್ರಶ್ನೆಯ ಸುತ್ತ ಬಹಳ ಕಾಲ ಸುತ್ತಿದೆ. ಚರಕಸಂಹಿತೆಯಲ್ಲೇ ಪ್ರಮೇಹದ ರೋಗಿಗಳನ್ನು ಎರಡು ಬಗೆ ಮಾಡಿದ್ದಾರೆ: ಸ್ಥೂಲನೂ ಬಲಶಾಲಿಯೂ ಆದವನೊಬ್ಬ, ಕೃಶನೂ ದುರ್ಬಲನೂ ಆದವನೊಬ್ಬ. ಚಿಕಿತ್ಸೆಯೂ ಇಬ್ಬರಿಗೆ ಬೇರೆ ಬೇರೆ. ಬಸುರಿನಲ್ಲೇ ಕಾಣಿಸಿಕೊಳ್ಳುವ ಮಧುಮೇಹವನ್ನು ಯುರೋಪಿನಲ್ಲಿ ಮೊದಲು ವಿವರವಾಗಿ ಬರೆದದ್ದು ಬರ್ಲಿನ್ನಿನ ಬೆನೆವಿಟ್ಸ್, 1824ರಲ್ಲಿ. ಐದನೇ ಬಸುರಿನ ಇಪ್ಪತ್ತೆರಡರ ಹೆಂಗಸು, ತೀರದ ಬಾಯಾರಿಕೆ, ಸಿಹಿಮೂತ್ರ. ಹುಟ್ಟಿದ ಕೂಸು ಹನ್ನೆರಡು ಪೌಂಡಿನದು, ಬದುಕಲಿಲ್ಲ. ಹೆರಿಗೆಯಾದ ಮೇಲೆ ತಾಯಿಯ ಮೂತ್ರದಲ್ಲಿ ಸಕ್ಕರೆ ಮಾಯ. ಬಸುರೇ ಈ ರೋಗಕ್ಕೆ ಕಾರಣವೆಂದು ಆತ ನಂಬಿದ.

ದಪ್ಪ ಎಂದರೆ ಎಷ್ಟು ಎಂಬ ಲೆಕ್ಕ ಶುರುವಾದದ್ದು ಇನ್ನೊಂದು ದಾರಿಯಲ್ಲಿ. ಬೆಲ್ಜಿಯಮ್ಮಿನ ಖಗೋಳಶಾಸ್ತ್ರಜ್ಞ ಕ್ವೆಟ್ಲೆ 1830ರ ದಶಕದಲ್ಲಿ ‘ಸರಾಸರಿ ಮನುಷ್ಯ’ನನ್ನು ಹುಡುಕುತ್ತಾ, ತೂಕವು ಎತ್ತರದ ವರ್ಗದಂತೆ ಏರುತ್ತದೆ ಎಂದು ಕಂಡುಕೊಂಡ. ಆತನಿಗೆ ರೋಗದ ಚಿಂತೆಯಿರಲಿಲ್ಲ. ಅಮೆರಿಕದ ಆನ್ಸೆಲ್ ಕೀಸ್ 1972ರಲ್ಲಿ ಅದೇ ಲೆಕ್ಕಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ ಎಂದು ಹೆಸರಿಟ್ಟ. ಬಿಎಂಐ ಎಂದು ಈಗ ಆಸ್ಪತ್ರೆಯ ಗೋಡೆಗಳ ಮೇಲೆಲ್ಲ ಕಾಣುವುದು ಇದೇ. ಕೀಸ್ ಅಂದು ಐದು ದೇಶಗಳ ಏಳು ಸಾವಿರಕ್ಕೂ ಮಿಕ್ಕಿದ ಜನರನ್ನು ಅಳೆದಿದ್ದ. ಅವರೆಲ್ಲರೂ ಗಂಡಸರು! ಬಸುರಿಯರನ್ನು ತೂಗುವ ತಕ್ಕಡಿಯ ಬೇರು ಗಂಡಸರ ಮೈಯಲ್ಲಿದೆ ಎನ್ನುವುದು ನನಗೆ ಪ್ರತಿ ಸಲ ಓದಿದಾಗಲೂ ವಿಚಿತ್ರವೆನಿಸುತ್ತದೆ. ಅದಕ್ಕಿಂತ ಇಪ್ಪತ್ತೈದು ವರ್ಷ ಮೊದಲೇ, 1947ರಲ್ಲಿ, ಮಾರ್ಸೇಲ್ಸ್‌ನ ವೈದ್ಯ ಜಾನ್ ವಾಗ್ ಬೇರೊಂದು ಮಾತು ಹೇಳಿದ್ದ: ಕೊಬ್ಬು ಎಷ್ಟಿದೆ ಎನ್ನುವುದರಷ್ಟೇ ಎಲ್ಲಿದೆ ಎನ್ನುವುದೂ ಮುಖ್ಯ, ಸೊಂಟದ ಮೇಲಿನ ಕೊಬ್ಬಿಗೂ ಮಧುಮೇಹಕ್ಕೂ ನಂಟಿದೆ, ತೊಡೆ ನಿತಂಬಗಳ ಕೊಬ್ಬಿಗೆ ಅಷ್ಟಿಲ್ಲ. ಆ ಮಾತಿಗೆ ಕಿವಿಗೊಟ್ಟವರು ಬಹಳ ಕಾಲ ಕಮ್ಮಿ.

ಈ ಕಥೆಗೆ ಕನ್ನಡ ನಾಡಿನ ಅಧ್ಯಾಯವೊಂದಿದೆ. ಅದು ಇರುವುದು ಮೈಸೂರಿನಲ್ಲಿ, ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯ ಹೆರಿಗೆ ದಾಖಲೆಗಳಲ್ಲಿ. ಊರವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟರು. ತಾಯಿಯ ತೂಕ, ಸೊಂಟದ ಎಲುಬಿನ ಅಳತೆಗಳೂ ಇದ್ದವು. ಬರೆದವರಿಗೆ ಇದು ಮುಂದೆ ಯಾವುದಕ್ಕೋ ಆಗುತ್ತದೆ ಎಂಬ ಅಂದಾಜಿರಲಿಕ್ಕಿಲ್ಲ. ದಿನದ ಕೆಲಸ, ಬರೆದರು. ಅರವತ್ತು ವರ್ಷಗಳ ಮೇಲೆ, 1990ರ ದಶಕದಲ್ಲಿ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಆಸ್ಪತ್ರೆಯವರ ಜೊತೆ ಸೇರಿ ಆ ದಾಖಲೆಗಳನ್ನು ತೆರೆದರು. ಅವುಗಳಲ್ಲಿದ್ದ ಕೂಸುಗಳನ್ನು ನಡುವಯಸ್ಸಿನವರಾಗಿ ಹುಡುಕಿ ತೆಗೆದರು. ದಾಖಲೆಗಳ ನಡುವೆ ಕೂತು ಬದುಕುವ ನನ್ನಂಥವರಿಗೆ ಇದಕ್ಕಿಂತ ಹೊಟ್ಟೆಕಿಚ್ಚಿನ ವಿಷಯ ಇನ್ನೊಂದಿಲ್ಲ.

ಅವರು ಹುಡುಕಿದ್ದೇಕೆ ಎಂದು ಎರಡು ಮಾತು ಹೇಳಬೇಕು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನಲ್ಲಿ ಸೂಲಗಿತ್ತಿಯರು 1911ರಿಂದ ಬರೆದಿಟ್ಟ ಪುಸ್ತಕಗಳ ಆಧಾರದಲ್ಲಿ ಡೇವಿಡ್ ಬಾರ್ಕರ್ ಮತ್ತು ಸಂಗಡಿಗರು, ಹುಟ್ಟುವಾಗ ಸಣ್ಣಗಿದ್ದವರಿಗೆ ಮುಂದೆ ಹೃದಯರೋಗ, ಮಧುಮೇಹ ಹೆಚ್ಚು ಎಂದು ತೋರಿಸಿದ್ದರು. ಮೈಸೂರಿನಲ್ಲಿ ಹೃದಯದ ಮಟ್ಟಿಗೆ ಅದೇ ಕಂಡಿತು. ಮಧುಮೇಹದಲ್ಲಿ ಮಾತ್ರ ಲೆಕ್ಕ ತಿರುಗಿತು. 1934ರಿಂದ 1953ರ ನಡುವೆ ಹುಟ್ಟಿದ 506 ಜನರನ್ನು ನೋಡಿದರೆ, ಮಧುಮೇಹ ಹೆಚ್ಚಿದ್ದದ್ದು ಹುಟ್ಟುವಾಗ ಗಿಡ್ಡಗೆ, ಆ ಗಿಡ್ಡತನಕ್ಕೆ ಹೋಲಿಸಿದರೆ ದಪ್ಪಗೆ ಇದ್ದವರಲ್ಲಿ. ಅವರ ತಾಯಂದಿರೂ ಉಳಿದವರಿಗಿಂತ ಭಾರವಾಗಿದ್ದವರು.

1998ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಇದಕ್ಕೊಂದು ಊಹೆ ಮುಂದಿಟ್ಟರು. ತಲೆಮಾರುಗಳಿಂದ ಹೊಟ್ಟೆಯಲ್ಲೇ ಅರೆಹೊಟ್ಟೆ ಉಂಡು ಹುಟ್ಟಿದ ಹೆಣ್ಣುಮಕ್ಕಳ ಮೈಗೆ ಇನ್ಸುಲಿನ್ ವಿಷಯದಲ್ಲಿ ತಾಕತ್ತು ಕಡಿಮೆ. ಅವರು ನಗರಕ್ಕೆ ಬರುತ್ತಾರೆ, ಮೈಗೆ ಕೆಲಸ ಕಡಿಮೆಯಾಗುತ್ತದೆ, ತೆಳ್ಳಗಿದ್ದವರು ತುಂಬಿಕೊಳ್ಳುತ್ತಾರೆ. ಬಸುರಾದಾಗ ಬೇಕಾದಷ್ಟು ಇನ್ಸುಲಿನ್ ಸುರಿಸಲಾಗದೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಹೊಟ್ಟೆಯ ಕೂಸು ಆ ಸಕ್ಕರೆಯಿಂದ ದಪ್ಪಗಾಗುತ್ತದೆ, ಮುಂದೆ ತಾನೂ ಮಧುಮೇಹಕ್ಕೆ ತುತ್ತಾಗುತ್ತದೆ. ಒಂದು ತಲೆಮಾರಿನ ಹಸಿವು, ಮುಂದಿನ ತಲೆಮಾರಿನ ಕೊಬ್ಬು, ಅದರ ಮುಂದಿನದರ ಸಕ್ಕರೆ.

ಊಹೆಯನ್ನು ಊಹೆಯಾಗಿಯೇ ಬಿಡದೆ ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ 830 ಬಸುರಿಯರನ್ನು ಸೇರಿಸಿಕೊಂಡು ಹೊಸ ಅಧ್ಯಯನ ಶುರು ಮಾಡಿದರು. ಜಾಕ್ವೆಲಿನ್ ಹಿಲ್, ಜಿ.ವಿ. ಕೃಷ್ಣವೇಣಿ ಮೊದಲಾದವರ ಕೆಲಸ. ಪಾರ್ಥೆನಾನ್ ಎಂಬ ಗ್ರೀಕ್ ಹೆಸರು ಅದಕ್ಕೆ. ಏಳನೇ ತಿಂಗಳ ಹೊತ್ತಿಗೆ ಗ್ಲೂಕೋಸ್ ಕುಡಿಸಿ ರಕ್ತಪರೀಕ್ಷೆ. ಜೊತೆಗೆ ತೋಳು, ಬೆನ್ನಿನ ಚರ್ಮದ ಮಡಿಕೆಯನ್ನು ಕ್ಯಾಲಿಪರಿನಲ್ಲಿ ಹಿಡಿದು ಅದರ ದಪ್ಪದ ಅಳತೆ. ತಕ್ಕಡಿ ಎಲುಬು, ಮಾಂಸ, ನೀರು, ಕೊಬ್ಬು ಎಲ್ಲವನ್ನೂ ಒಟ್ಟಿಗೆ ತೂಗುತ್ತದೆ. ಕ್ಯಾಲಿಪರು ಹಿಡಿಯುವುದು ಕೊಬ್ಬನ್ನು. ಸುಮಾರು ನೂರಕ್ಕೆ ಆರು ಜನರಿಗೆ ಬಸುರಿನ ಮಧುಮೇಹ ಇತ್ತು. ಅವರು ಉಳಿದವರಿಗಿಂತ ವಯಸ್ಸಿನಲ್ಲಿ ದೊಡ್ಡವರು, ಮೈಯಲ್ಲಿ ಕೊಬ್ಬು ಹೆಚ್ಚಿದ್ದವರು, ಅವರ ಕೂಸುಗಳೂ ದಪ್ಪ. ಮಧುಮೇಹ ಇಲ್ಲದ ತಾಯಂದಿರಲ್ಲೂ ಸಕ್ಕರೆ ತುಸು ಮೇಲಿದ್ದರೆ ಕೂಸು ತುಸು ದೊಡ್ಡದು. ಅಂದರೆ ಗೆರೆಯ ಈಚೆ ಆರೋಗ್ಯ, ಆಚೆ ರೋಗ ಎಂದು ಖಚಿತವಾಗಿ ಕೊಯ್ಯಲು ಬರುವುದಿಲ್ಲ.

ಕೊಬ್ಬು ಇದನ್ನು ಹೇಗೆ ಮಾಡುತ್ತದೆ? ಬಸುರಿನ ನಡುಭಾಗದಿಂದ ಮಾಸು ಬಿಡುವ ಹಾರ್ಮೋನುಗಳು ತಾಯಿಯ ಮೈಯಲ್ಲಿ ಇನ್ಸುಲಿನ್ನಿನ ಮಾತು ನಡೆಯದಂತೆ ಮಾಡುತ್ತವೆ. ತಾಯಿ ಬಳಸುವ ಸಕ್ಕರೆ ಕಡಿಮೆಯಾಗಿ ಕೂಸಿಗೆ ಉಳಿಯಲಿ ಎಂಬ ಏರ್ಪಾಡು ಅದು. ಸಾಮಾನ್ಯವಾಗಿ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸಿ ಸರಿತೂಗಿಸುತ್ತದೆ. ಹೊಟ್ಟೆಯೊಳಗೆ, ಯಕೃತ್ತಿನಲ್ಲಿ ಕೊಬ್ಬು ಮೊದಲೇ ಸೇರಿದ್ದರೆ ಇನ್ಸುಲಿನ್ನಿನ ಮಾತು ಮೊದಲೇ ನಡೆಯುತ್ತಿರುವುದಿಲ್ಲ; ಮಾಸಿನ ಹಾರ್ಮೋನು ಅದರ ಮೇಲೆ ಬಂದು ಕೂರುತ್ತದೆ. ಗ್ರಂಥಿ ಸೋಲುತ್ತದೆ. ತಾಯಿಯ ಸಕ್ಕರೆ ಮಾಸನ್ನು ದಾಟಿ ಕೂಸಿಗೆ ಹೋಗುತ್ತದೆ, ಇನ್ಸುಲಿನ್ ದಾಟುವುದಿಲ್ಲ. ಕೂಸು ತನ್ನದೇ ಇನ್ಸುಲಿನ್ ಹೆಚ್ಚಿಸಿಕೊಂಡು ಬಂದ ಸಕ್ಕರೆಯನ್ನು ಕೊಬ್ಬಾಗಿ ಇಟ್ಟುಕೊಳ್ಳುತ್ತದೆ. ಕೋಪನ್‌ಹೇಗನ್ನಿನ ಪೆಡರ್ಸನ್ 1950ರ ದಶಕದಲ್ಲಿ ಇದನ್ನು ವಿವರಿಸಿದ.

ಇಲ್ಲಿಗೂ ಚಿಗವ್ವನ ಮಗಳ ಅತ್ತೆಯ ಪ್ರಶ್ನೆ ಹಾಗೇ ಇದೆ. 47 ಕೆಜಿಯ ಹುಡುಗಿಗೆ ಕೊಬ್ಬೆಲ್ಲಿಂದ ಬಂತು?

ಅದಕ್ಕೆ ಉತ್ತರ ಪುಣೆಯ ಸುತ್ತಲ ಹಳ್ಳಿಗಳಲ್ಲಿದೆ. ಆ ಹಳ್ಳಿಗಳೂ ನಮ್ಮ ರೋಣದಂತೆ ಮಳೆ ನಂಬಿದ ಒಕ್ಕಲುತನದವು. ಡಾ. ಚಿತ್ತರಂಜನ್ ಯಾಜ್ಞಿಕ್ 1993ರಿಂದ ಅಲ್ಲಿ ಬಸುರಿಯರನ್ನು ಅಳೆದರು. ತಾಯಂದಿರ ಸರಾಸರಿ ತೂಕ ಸುಮಾರು 42 ಕೆಜಿ. ಕೂಸುಗಳದ್ದು 2.7 ಕೆಜಿ, ಸೌತಾಂಪ್ಟನ್ನಿನ ಕೂಸುಗಳದ್ದು 3.5. ಪುಣೆಯ ಕೂಸುಗಳಲ್ಲಿ ಮಾಂಸ, ಹೊಟ್ಟೆಯೊಳಗಿನ ಅಂಗಗಳು ಎಲ್ಲ ಸಣ್ಣ. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಹೆಚ್ಚೇನೂ ಕರಗಿರಲಿಲ್ಲ. ತೆಳ್ಳಗಿದ್ದೂ ದಪ್ಪ! ಮೈಸೂರಿನ ಕೂಸುಗಳಲ್ಲೂ ಅದೇ ಕಂಡಿತು. 2004ರಲ್ಲಿ ಯಾಜ್ಞಿಕ್ ಮತ್ತು ಅವರ ಇಂಗ್ಲಿಷ್ ಗೆಳೆಯ ಜಾನ್ ಯುಡ್ಕಿನ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಒಂದು ಫೋಟೋ ಹಾಕಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕರದರಲ್ಲಿ ಶೇ 21.2. ವೈದ್ಯಕೀಯ ಪತ್ರಿಕೆಯಲ್ಲಿ ಇಷ್ಟು ತಮಾಷೆಯ, ಇಷ್ಟು ಗಂಭೀರವಾದ ಒಂದು ಪುಟವನ್ನು ನಾನು ಬೇರೆ ನೋಡಿಲ್ಲ.

ನಮ್ಮ ಭಾಗದವರಿಗೆ ಹಗೇವಿನ ಹೋಲಿಕೆ ಕೊಟ್ಟರೆ ಬೇಗ ತಿಳಿಯುತ್ತದೆ. ಚರ್ಮದಡಿಯ ಕೊಬ್ಬು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದ ಜೋಳದಂತೆ, ಯಾರಿಗೂ ತೊಂದರೆಯಿಲ್ಲ. ಹಗೇವು ಸಣ್ಣದಿದ್ದರೆ? ನಾಲ್ಕು ಚೀಲ ಹೆಚ್ಚಾದರೂ ಜೋಳ ಪಡಸಾಲೆಗೆ, ಅಡುಗೆಮನೆಗೆ ಬಂದು ಬೀಳುತ್ತದೆ, ಓಡಾಡಲು ಜಾಗವಿರುವುದಿಲ್ಲ. ಯಕೃತ್ತು, ಸ್ನಾಯುಗಳಲ್ಲಿ ಸೇರಿದ ಕೊಬ್ಬು ಹಾಗೆ. ದೊಡ್ಡ ಹಗೇವಿನ ಮನೆಗೆ ಇಪ್ಪತ್ತು ಚೀಲವೂ ಭಾರವಲ್ಲ. ಸಣ್ಣ ಹಗೇವಿನ ಮನೆಗೆ ನಾಲ್ಕೇ ಸಾಕು. ಏಷ್ಯಾದವರಿಗೆ ಬಿಎಂಐ 23ರಿಂದಲೇ ಎಚ್ಚರ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಹೇಳಿದ್ದು ಇದೇ ಕಾರಣಕ್ಕೆ. ಚಿಗವ್ವನ ಮಗಳದ್ದು 21. ಗೋಡೆಯ ಚಾರ್ಟಿನ ಪ್ರಕಾರ ಅವಳಿಗೆ ಏನೂ ಇಲ್ಲ.

ಫಾಲ್ ಅವರ ಊಹೆ ನಗರಕ್ಕೆ ಬಂದ ಹೆಂಗಸರ ಬಗ್ಗೆ. ಗಜೇಂದ್ರಗಡದ ಹುಡುಗಿ ಎಲ್ಲಿಗೂ ಹೋಗಲಿಲ್ಲ. ನಗರವೇ ಅವಳಿದ್ದಲ್ಲಿಗೆ ಬಂತು ಅನ್ನಬೇಕು. ನನ್ನ ಅಜ್ಜಿಯ ಕಾಲಕ್ಕೆ ಕೋಳಿ ಕೂಗುವ ಮೊದಲೇ ಬೀಸುಕಲ್ಲಿನ ಸದ್ದು. ಬಸುರಿಯೂ ಬೀಸುತ್ತಿದ್ದಳು, ಕೆರೆಯಿಂದ ಕೊಡ ಹೊರುತ್ತಿದ್ದಳು, ಕಳೆ ತೆಗೆಯುತ್ತಿದ್ದಳು. ಬೀಸುವ ಪದಗಳನ್ನು ಜಾನಪದ ಎಂದು ನಾವು ಸಂಗ್ರಹಿಸಿದೆವು. ಆ ಪದದ ಜೊತೆ ತೋಳು, ಬೆನ್ನು, ಹೊಟ್ಟೆಯ ಸ್ನಾಯುಗಳು ದಿನಕ್ಕೆ ಎರಡು ತಾಸು ದುಡಿಯುತ್ತಿದ್ದವು ಎನ್ನುವುದನ್ನು ಯಾರೂ ಬರೆದಿಡಲಿಲ್ಲ. ಗಿರಣಿ ಬಂತು, ನಳ ಬಂತು. ನವಿಲುತೀರ್ಥದ ಅಣೆಕಟ್ಟಿನಿಂದ 1970ರ ದಶಕದಲ್ಲಿ ಮಲಪ್ರಭೆಯ ಕಾಲುವೆ ನರಗುಂದದ ಹೊಲಗಳಿಗೆ ಬಂತು. ನೀರಿನ ಕರದ ವಿರುದ್ಧ 1980ರಲ್ಲಿ ಅಲ್ಲಿನ ರೈತರು ಎದ್ದದ್ದು ನಾಡಿಗೆಲ್ಲ ಗೊತ್ತು. ಅದೇ ನೀರಿನ ಹಿಂದೆ ಬೆಳೆ ಬದಲಾಯಿತು, ಆಮೇಲೆ ಟ್ರ್ಯಾಕ್ಟರ್ ಬಂತು, ಪಡಿತರದ ಅಕ್ಕಿ ಬಂತು. ದಿನಕ್ಕೆರಡು ಹೊತ್ತು ರೊಟ್ಟಿ ಇದ್ದಲ್ಲಿ ಒಂದು ಹೊತ್ತು ಅನ್ನವಾಯಿತು. ಇವೆಲ್ಲ ಬೇಡವಿತ್ತು ಅನ್ನಲಾರೆ. ಬೀಸುಕಲ್ಲಿನ ಮುಂದೆ ಕೂತ ಬಸುರಿಯ ಕಷ್ಟವನ್ನು ಹಾಡಾಗಿ ಕೇಳುವವರಿಗೆ ಮಾತ್ರ ಅದು ಸೊಗಸು. ಆದರೆ ಹಗೇವು ಸಣ್ಣದಿರುವ ಮೈಗೆ ಚೀಲಗಳು ಬೇಗ ಬೇಗ ಬರತೊಡಗಿದವು.

1876ರ ಬರಕ್ಕೂ ಇಂದಿನ ಸಕ್ಕರೆಗೂ ನೇರ ಗೆರೆ ಎಳೆಯುವವರು ಇದ್ದಾರೆ. ನಾನು ಎಳೆಯುವುದಿಲ್ಲ. ನಡುವೆ ಐದಾರು ತಲೆಮಾರುಗಳಿವೆ. ಹತ್ತಿರದ ಹಸಿವು, ಅಂದರೆ ನಮ್ಮ ಅಜ್ಜಿಯರು ಬಸುರಿನಲ್ಲಿ ಉಂಡದ್ದು, ನಮ್ಮ ತಾಯಂದಿರು ಹುಟ್ಟುವಾಗ ತೂಗಿದ್ದು ಸಾಕು, ಮೈಸೂರಿನ ಲೆಕ್ಕ ಅಷ್ಟನ್ನೇ ಕೇಳುತ್ತದೆ.

ಇನ್ನೊಂದು ವಿಷಯಕ್ಕೆ ನನ್ನ ತಕರಾರಿದೆ. ಕೊಬ್ಬು, ಬಸುರು, ಮಧುಮೇಹ ಈ ಮೂರು ಪದ ಒಟ್ಟಿಗೆ ಬಂದ ತಕ್ಷಣ ಮಾತು ಹೆಂಗಸಿನ ಬಾಯಿಚಪಲದ ಕಡೆ ತಿರುಗುತ್ತದೆ. ಚಿಗವ್ವನ ಮಗಳಿಗೂ ಅದೇ ಆಯಿತು. ಮಷೀನ್ ಸರಿಯಿದೆ ಎಂದು ಒಪ್ಪಿದ ಮೇಲೆ ಮನೆಯವರು ಅವಳ ತಾಟು ನೋಡತೊಡಗಿದರು. ಕುಬಸದ ದಿನ ಕರ್ಚಿಕಾಯಿ ಯಾರು ಕೊಟ್ಟರು, ಎಷ್ಟು ತಿಂದಳು ಎಂದು ವಿಚಾರಣೆ. ನನಗೆ ಫೋನ್ ಮಾಡಿ, “ಅಕ್ಕಾ, ನಾ ತಿಂದದ್ದಕ್ಕ ಹಿಂಗಾತೇನು?” ಎಂದು ಅತ್ತಳು. ಅವಳ ಹಗೇವಿನ ಅಳತೆಯನ್ನು ಅವಳು ತೋಡಿದ್ದಲ್ಲ. ಅವಳು ಹುಟ್ಟುವ ಮೊದಲೇ, ಚಿಗವ್ವ ಬಸುರಿಯಿದ್ದಾಗ ಎರಡು ವರ್ಷ ಮಳೆಯಿರಲಿಲ್ಲ ಎಂದಷ್ಟೇ ನಾನು ಹೇಳಿದೆ.

ಹೆದರಬೇಕಾದ ರೋಗವೇನಲ್ಲ ಅದು, ಕಂಡರೆ. ಕಾಣುವುದಕ್ಕೆ ಎಲ್ಲರನ್ನೂ ಪರೀಕ್ಷಿಸಬೇಕು. ಚೆನ್ನೈನ ಡಾ. ವಿ. ಶೇಷಯ್ಯ ವರ್ಷಗಟ್ಟಲೆ ಹಟ ಹಿಡಿದದ್ದು ಇದಕ್ಕೇ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದರೆ ಹಳ್ಳಿಯ ಬಸುರಿ ಬರುವುದಿಲ್ಲ. ಉಂಡಿರಲಿ ಬಿಟ್ಟಿರಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ತಾಸಿನ ಮೇಲೆ ನೋಡಿ, 140 ಅಥವಾ ಹೆಚ್ಚಿದ್ದರೆ ಮಧುಮೇಹ ಎನ್ನಿ ಎಂದರು. ಕೇಂದ್ರ ಸರ್ಕಾರದ ಮಾರ್ಗಸೂಚಿಯೂ ಇದನ್ನೇ ಒಪ್ಪಿದೆ. ಹೆಸರು ಬರೆಸಿದಾಗ ಒಂದು ಸಲ, 24ರಿಂದ 28 ವಾರಗಳ ನಡುವೆ ಇನ್ನೊಂದು ಸಲ. ದಪ್ಪಗಿದ್ದವರನ್ನಷ್ಟೇ ಆರಿಸುವ ಪದ್ಧತಿ ಇದ್ದಿದ್ದರೆ ಗಜೇಂದ್ರಗಡದ ಈ ಹುಡುಗಿ ತಪ್ಪಿಹೋಗುತ್ತಿದ್ದಳು. ಊಟ ಸರಿಪಡಿಸಿ, ನಡೆದಾಡಿ, ಎರಡು ವಾರದಲ್ಲಿ ಹತೋಟಿಗೆ ಬರದಿದ್ದರೆ ಔಷಧಿ. ಅವಳಿಗೆ ಊಟದಲ್ಲೇ ಸರಿಹೋಯಿತು: ಅನ್ನ ಕಮ್ಮಿ, ರೊಟ್ಟಿ, ಕಾಳುಪಲ್ಯ, ಮೊಸರು, ಒಂದೇ ಸಲ ತುಂಬ ಉಣ್ಣುವ ಬದಲು ಐದು ಸಲ. ಉಪವಾಸ ಕೆಡವುವುದು ಚಿಕಿತ್ಸೆಯಲ್ಲ ಎಂದು ಆಶಾ ಅಕ್ಕ ಅತ್ತೆಗೆ ಮೂರು ಸಲ ಹೇಳಬೇಕಾಯಿತು. ಹೆಣ್ಣುಕೂಸು, ಎರಡು ಕೆಜಿ ಎಂಟುನೂರು ಗ್ರಾಂ.

ಹೆರಿಗೆಯ ನಂತರ ಆರು ವಾರಕ್ಕೆ ಮತ್ತೆ ಗ್ಲೂಕೋಸ್ ಪರೀಕ್ಷೆ ಆಗಬೇಕು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ಆ ಹೊತ್ತಿಗೆ ಬಾಣಂತಿ ತವರಿನಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಕೋಣೆಯೊಳಗಿರುತ್ತಾಳೆ, ಅಂಟಿನ ಉಂಡಿ ತಿನ್ನುತ್ತಿರುತ್ತಾಳೆ. ಹೆಸರು ಬರೆಸಿದ್ದು ಗಂಡನ ಊರಿನಲ್ಲಿ, ಇರುವುದು ತವರೂರಿನಲ್ಲಿ. ಸಕ್ಕರೆ ಹೋಯಿತು ಎಂದು ಎಲ್ಲರೂ ನೆಮ್ಮದಿಯಾಗಿರುತ್ತಾರೆ, ಬೆನೆವಿಟ್ಸ್ ನೆಮ್ಮದಿಯಾದ ಹಾಗೆ. ಮೈಸೂರಿನವರು ತಮ್ಮ 830 ಜನರಲ್ಲಿ ಸಿಕ್ಕವರನ್ನೆಲ್ಲ ಐದು ವರ್ಷದ ಮೇಲೆ ಮತ್ತೆ ಕರೆದು ನೋಡಿದರು. ಬಸುರಿನಲ್ಲಿ ಸಕ್ಕರೆ ಇಲ್ಲದಿದ್ದವರಲ್ಲಿ ಶೇ 2ರಷ್ಟು ಜನ ಮಧುಮೇಹಿಗಳಾಗಿದ್ದರು. ಇದ್ದವರಲ್ಲಿ ಶೇ 37. ಆ ಗುಂಪು ಸಣ್ಣದು ನಿಜ, ಆದರೂ ಎರಡಕ್ಕೂ ಮೂವತ್ತೇಳಕ್ಕೂ ಇರುವ ದೂರ ಸಣ್ಣದಲ್ಲ. ಐದು ವರ್ಷದ ಅವರ ಮಕ್ಕಳಲ್ಲೂ, ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ, ಕೊಬ್ಬು ಉಳಿದವರಿಗಿಂತ ಹೆಚ್ಚಿತ್ತು. ಆ ಹುಡುಗಿಯರು ಈಗ ಮದುವೆಯ ವಯಸ್ಸಿನವರು.

ಚಿಗವ್ವನ ಮಗಳ ಆರು ವಾರದ ಪರೀಕ್ಷೆ ಆದದ್ದು ನಾಲ್ಕನೇ ತಿಂಗಳಿಗೆ, ಕೂಸಿಗೆ ಲಸಿಕೆ ಹಾಕಿಸಲು ಹೋದಾಗ, ನಾನು ಫೋನಿನಲ್ಲಿ ಜಗಳ ಮಾಡಿದ್ದಕ್ಕೆ. ಈಗ ಊರಿಗೆ ಹೋದಾಗಲೆಲ್ಲ ನಾನು ಪರಿಚಯದ ಮನೆಗಳಲ್ಲಿ ಹಳೆಯ ತಾಯಿ ಕಾರ್ಡ್ ಕೇಳಿ ನೋಡುತ್ತೇನೆ. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಬರೆದಿರುತ್ತಾರೆ; ಸಕ್ಕರೆಯನ್ನು ಕೆಲವರಲ್ಲಿ ಬರೆದಿರುತ್ತಾರೆ. ಕೊಬ್ಬಿನ ಅಳತೆಯಂತೂ ಯಾವುದರಲ್ಲೂ ಕಂಡಿಲ್ಲ. ಮಗು ಶಾಲೆಗೆ ಸೇರಿದ ಮೇಲೆ ಕಾರ್ಡು ಬೇಡವಾಗುತ್ತದೆ. ಒಂದು ಮನೆಯಲ್ಲಿ ಅದು ಟ್ರಂಕಿನ ತಳಕ್ಕೆ ಹಾಸಿತ್ತು, ಇನ್ನೊಂದರಲ್ಲಿ ಹುಡುಗ ಅದರ ಹಿಂಬದಿಗೆ ಮಗ್ಗಿ ಬರೆದಿದ್ದ. ಚಿಗವ್ವನ ಮಗಳ ಕಾರ್ಡು ಸದ್ಯ ನನ್ನ ಹತ್ತಿರ ಇದೆ, ಬರದ ಕಡತಗಳ ಜೆರಾಕ್ಸ್ ಪ್ರತಿಗಳ ಜೊತೆ. ನೀಲಿ ಪೆನ್ನಿನಲ್ಲಿ 158 ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾರೆ.